ಪದಚರ್ಚೆ: ‘ಕ್ಯಾಜುವಲ್ ವೇಕೆನ್ಸಿ’ಗೆ ಏನು ಬರೆಯಲಿ? ಸ್ವಲ್ಪ ಅರ್ಜೆಂಟ್

ಬಾಗಲಕೋಟೆಯಿಂದ:

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಮತದಾರರ ಸಾಕ್ಷರತಾ ಕ್ಲಬ್‌ಗೆ ಒಂದು ಬೋರ್ಡು ಬರೆಯುತ್ತಿದ್ದೇನೆ. ಲೋಕಸಭೆಯ ಸೀಟು ಅವಧಿ ಮುಗಿಯೋ ಮುಂಚೆಯೇ ಖಾಲಿಯಾದರೆ ಮುಂದೇನಾಗುತ್ತೆ ಅನ್ನೋದು ವಿಷಯ. ಫ್ಲೆಕ್ಸ್ ಅಂಗಡಿಯವರು ಸಂಜೆಯೊಳಗೆ ಮ್ಯಾಟರ್ ಕೇಳಿದ್ದಾರೆ. ‘ಉಪಚುನಾವಣೆ’ಗೆ ತಕರಾರಿಲ್ಲ. ಸಿಕ್ಕಿಕೊಂಡಿರೋದು ‘ಕ್ಯಾಜುವಲ್ ವೇಕೆನ್ಸಿ’ ಹತ್ತಿರ. ‘ಆಕಸ್ಮಿಕ ಖಾಲಿ ಸ್ಥಾನ’ ಅಂತ ಬರೆದಿದ್ದೆ. ಸಾವಿಗಾದರೆ ಅದು ಹೊಂದುತ್ತೆ. 2020ರ ಸೆಪ್ಟೆಂಬರ್ 23ರಂದು ಸುರೇಶ ಅಂಗಡಿಯವರು ತೀರಿಕೊಂಡು ಬೆಳಗಾವಿ ಸೀಟು ಖಾಲಿಯಾಯಿತಲ್ಲ, ಅದು ಆಕಸ್ಮಿಕವೇ. ಆದರೆ 2024ರಲ್ಲಿ ರಾಹುಲ್ ಗಾಂಧಿ ವಯನಾಡು, ರಾಯ್‌ಬರೇಲಿ ಎರಡೂ ಗೆದ್ದು ವಯನಾಡು ಬಿಟ್ಟರು. ಎರಡೂ ಗೆದ್ದರೆ ಒಂದು ಬಿಡಲೇಬೇಕು ಅಂತ ನಾಮಪತ್ರ ಹಾಕಿದ ದಿನವೇ ಗೊತ್ತಿರುತ್ತೆ. ಅದರಲ್ಲಿ ಆಕಸ್ಮಿಕ ಏನು ಬಂತು? ಪೇಪರಿನವರು ‘ತೆರವಾದ ಸ್ಥಾನ’ ಅಂತಾರೆ. ನಮ್ಮ ಹುಡುಗರಿಗೆ ‘ತೆರವು’ ಅಂದ ಕೂಡಲೇ ಒತ್ತುವರಿ, ಜೆಸಿಬಿ ನೆನಪಾಗುತ್ತೆ. ಬೇರೆ ಪದ ಇದ್ದರೆ ಬೇಗ ತಿಳಿಸಿ.

ವಿಜಯಪುರದಿಂದ:

‘ಉಪಚುನಾವಣೆಗೆ ತಕರಾರಿಲ್ಲ’ ಅಂದರೆ ಹೇಗೆ ಸರ್? ನನಗಿದೆ. ‘ಉಪ’ ಸಂಸ್ಕೃತದ್ದು. ‘ಚುನಾವಣೆ’ ಹಿಂದಿಯ ಚುನಾವ್‌ಗೆ ನಮ್ಮ ‘ಣೆ’ ಅಂಟಿಸಿದ್ದು. ‘ಖಾಲಿ’ ಅರಬ್ಬಿಯದು. ಇನ್ನು ಬೋರ್ಡಿನಲ್ಲಿ ಕನ್ನಡ ಎಲ್ಲಿ ಉಳಿಯಿತು? ‘ಆಯ್ಕೆ’ ಇದೆ, ‘ನಡು’ ಇದೆ. ‘ನಡು ಆಯ್ಕೆ’ ಅನ್ನಿ. ‘ತೆರವು’ ಬಿಡಲೇಬೇಡಿ. ಅದು ಹಳಗನ್ನಡದ ‘ತೆಱಪು’, ‘ತೆಱಹು’, ಅಂದರೆ ಬಿಡುವು, ತೆರೆದ ಜಾಗ. ವಚನಗಳಲ್ಲಿ ‘ತೆರಹಿಲ್ಲ’ ಅಂತ ಎಷ್ಟು ಕಡೆ ಬರುತ್ತೆ. ಜೆಸಿಬಿಯವರು ಎತ್ತಿಕೊಂಡರು ಅಂತ ಅಂಥಾ ಪದವನ್ನ ಅವರಿಗೇ ಬಿಟ್ಟುಕೊಡೋದಾ?

ಬೆಳಗಾವಿಯಿಂದ:

‘ನಡು ಆಯ್ಕೆ’ ಯಾರಿಗೂ ತಿಳಿಯಲ್ಲ ಬಿಡ್ರಿ. ಮಧ್ಯಂತರ ಚುನಾವಣೆ ಅಂದುಕೊಳ್ಳುತ್ತಾರೆ. ಅದು ಇಡೀ ಸಭೆಯೇ ವಿಸರ್ಜನೆಯಾದಾಗ ಬರೋದು. ನಮ್ಮ ಊರಲ್ಲಿ ಮರಾಠಿಯವರು ‘ಪೋಟನಿವಡಣೂಕ’ ಅಂತಾರೆ. ಪೋಟ ಅಂದರೆ ಹೊಟ್ಟೆ. ದೊಡ್ಡದರ ಹೊಟ್ಟೆಯೊಳಗಿನ ಸಣ್ಣದು ಅಂತ ಲೆಕ್ಕ. ಜಮೀನಿನ ಕಾಗದದಲ್ಲಿ ‘ಪೋಟ ಹಿಸ್ಸಾ’ ಅಂತ ಬರುತ್ತಲ್ಲ, ಅದೇ ಪೋಟ. ನೋಡಿದರೆ ನಮ್ಮ ‘ಉಪ’ಕ್ಕಿಂತ ಇದೇ ಚೆನ್ನಾಗಿದೆ. ಉಪಾಧ್ಯಕ್ಷ ಅಂದರೆ ಅಧ್ಯಕ್ಷರ ಕೆಳಗಿನವರು. ಉಪಚುನಾವಣೆಯಲ್ಲಿ ಗೆದ್ದವರು ಯಾರ ಕೆಳಗೂ ಇಲ್ಲ, ಪೂರ್ತಿ ಸಂಸದರೇ. ಸಿಗೋದು ಮಾತ್ರ ಉಳಿದ ಅವಧಿ ಅಷ್ಟೇ. ಬೆಳಗಾವಿ ಉಪಚುನಾವಣೆಯಲ್ಲಿ 2021ರಲ್ಲಿ ಗೆದ್ದ ಮಂಗಲಾ ಅಂಗಡಿಯವರಿಗೆ 2024ರವರೆಗೆ ಸಿಕ್ಕಿತು.

ಜಮಖಂಡಿಯಿಂದ:

ಪೋಟ, ತೆಱಹು ಎಲ್ಲ ಆಮೇಲೆ. ಕೇಳಿದವರಿಗೆ ಸಂಜೆಯೊಳಗೆ ಬೋರ್ಡು ಬೇಕು. ಇಲೆಕ್ಷನ್ ಡ್ಯೂಟಿ ಮಾಡಿದವನಾಗಿ ಹೇಳ್ತೀನಿ, ಜನ ಎಡವೋದು ‘ಖಾಲಿ’ ಪದದಲ್ಲಿ ಅಲ್ಲ. ಉಪಚುನಾವಣೆಗೆ ‘ಮರುಚುನಾವಣೆ’ ಅಂತಾರೆ, ಆಮೇಲೆ ಅದನ್ನೇ ‘ಮರುಮತದಾನ’ ಮಾಡುತ್ತಾರೆ. ಮರುಮತದಾನ ಅಂದರೆ ಮತಯಂತ್ರ ಹಾಳಾಗಿಯೋ, ಬೂತ್ ವಶವಾಗಿಯೋ ಆ ಮತಗಟ್ಟೆಯಲ್ಲಿ ಮತ್ತೆ ಓಟು ಹಾಕಿಸೋದು. ಅಭ್ಯರ್ಥಿಗಳು ಅವರೇ. ಉಪಚುನಾವಣೆ ಅಂದರೆ ಹೊಸ ಅಧಿಸೂಚನೆ, ಹೊಸ ನಾಮಪತ್ರ, ಹೊಸ ಠೇವಣಿ, ಇಡೀ ಕ್ಷೇತ್ರಕ್ಕೆ ಓಟು. ಬೋರ್ಡಿನಲ್ಲಿ ಇದನ್ನ ಮೊದಲು ಹಾಕಿ.

ಇನ್ನೊಂದು. ‘ಆರು ತಿಂಗಳಲ್ಲಿ ಚುನಾವಣೆ’ ಅಂತ ಒಂದೇ ಸಾಲು ಬರೆದು ಕೈತೊಳೆದುಕೊಳ್ಳಬೇಡಿ. ಜನಪ್ರಾತಿನಿಧ್ಯ ಕಾಯ್ದೆ 1951ರ ಕಲಂ 151ಎ ಪ್ರಕಾರ ಸೀಟು ಖಾಲಿಯಾದ ದಿನದಿಂದ ಆರು ತಿಂಗಳು. ಆದರೆ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ನಡೆಸಬೇಕಾಗಿಲ್ಲ. ಅಷ್ಟರೊಳಗೆ ನಡೆಸೋದು ಕಷ್ಟ ಅಂತ ಆಯೋಗ ಕೇಂದ್ರ ಸರ್ಕಾರದ ಜೊತೆ ಮಾತಾಡಿ ಪ್ರಮಾಣೀಕರಿಸಿದರೂ ವಿನಾಯಿತಿ ಇದೆ. ಬೆಳಗಾವಿಯಲ್ಲಿ ಮತದಾನ ಆಗಿದ್ದೇ 2021ರ ಏಪ್ರಿಲ್ 17ಕ್ಕೆ, ನೀವೇ ಎಣಿಸಿ ನೋಡಿ. ಒಂದು ವರ್ಷದ ಲೆಕ್ಕಕ್ಕೆ 2018 ಒಳ್ಳೆ ಉದಾಹರಣೆ. ಆ ಲೋಕಸಭೆಯ ಅವಧಿ 2019ರ ಜೂನ್ 3ರವರೆಗೆ ಇತ್ತು. ಬಳ್ಳಾರಿ, ಶಿವಮೊಗ್ಗ, ಮಂಡ್ಯ ಸೀಟು ಮೇನಲ್ಲೇ ಖಾಲಿಯಾದವು. ವರ್ಷಕ್ಕಿಂತ ಜಾಸ್ತಿ ಉಳಿದಿತ್ತು, ನವೆಂಬರ್ 3ಕ್ಕೆ ಓಟು ನಡೆಯಿತು. ನಮ್ಮ ಜಮಖಂಡಿ ವಿಧಾನಸಭೆ ಉಪಚುನಾವಣೆಯೂ ಅವತ್ತೇ. ಆಂಧ್ರದ ಐದು ಸಂಸದರು ಮೊದಲೇ ರಾಜೀನಾಮೆ ಕೊಟ್ಟಿದ್ದರೂ ಅದು ಅಂಗೀಕಾರವಾಗಿದ್ದು ಜೂನ್‌ನಲ್ಲಿ, ಆಗ ವರ್ಷಕ್ಕಿಂತ ಕಡಿಮೆ ಉಳಿದಿತ್ತು. ಅಲ್ಲಿ ಉಪಚುನಾವಣೆಯೇ ಇಲ್ಲ. ಅಂದರೆ ರಾಜೀನಾಮೆ ಕೊಟ್ಟ ದಿನ ಅಲ್ಲ, ಸ್ಪೀಕರ್ ಒಪ್ಪಿದ ದಿನ ಮುಖ್ಯ. ಪದ ಹುಡುಕೋರು ಇದನ್ನೂ ನೋಡಬೇಕು. ‘ಆಕಸ್ಮಿಕ’ ಬಿಡಿ. ಕಾಯ್ದೆಗೆ ಬೇಕಾಗಿರೋದು ‘ಅವಧಿಗೆ ಮುಂಚೆ’ ಅನ್ನೋ ಅರ್ಥ. ‘ಅವಧಿಗೆ ಮುಂಚೆ ಖಾಲಿಯಾದ ಸ್ಥಾನ’. ಉದ್ದ ಆದರೂ ಪರವಾಗಿಲ್ಲ.

ವಿಜಯಪುರದಿಂದ:

‘ಅವಧಿ’ ಸಂಸ್ಕೃತ. ‘ಖಾಲಿ’ ಅರಬ್ಬಿ ಅಂತ ಆಗಲೇ ಹೇಳಿದೆ. ‘ಸ್ಥಾನ’ದ ಬಗ್ಗೆ ಹೇಳೋದೇ ಬೇಡ. ಮೂರು ಪದ ಸಾಲ ತಂದು ಒಂದು ಪದದ ಕೆಲಸ ಮಾಡಿಸುತ್ತಿದ್ದೀರಿ.

ಬೆಳಗಾವಿಯಿಂದ:

ಸಾಲದ ಮಾತು ಬಂತಾ? ಹಾಗಾದರೆ ‘ರಾಜೀನಾಮೆ’ ಬಿಡಿ, ಅದು ಪಾರಸಿ ಕಡೆಯಿಂದ ಬಂದಿದ್ದು. ‘ಉಮೇದುವಾರ’ ಬಿಡಿ, ಉಮೇದು ಅಂದರೆ ಪಾರಸಿಯಲ್ಲಿ ಆಸೆ. ‘ಠೇವಣಿ’ ಮರಾಠಿಯ ಠೇವ್‌ನಿಂದ. ಲೋಕಸಭೆಗೆ 25,000 ರೂಪಾಯಿ ಕಟ್ಟಲು ಹೋದವನು ಕೌಂಟರಿನಲ್ಲಿ ಏನಂತ ಹೇಳಬೇಕು, ‘ಇಡುಗಂಟು’ ಅಂತಲಾ? ಎಲ್ಲ ತೆಗೆದು ಒಂದು ಚುನಾವಣೆ ನಡೆಸಿ ತೋರಿಸಿ, ಸುಮ್ನೆ ಪದ ತೂಗಬೇಡಿ.

ವಿಜಯಪುರದಿಂದ:

‘ಇಡುಗಂಟು’ ಚೆನ್ನಾಗಿದೆ. ನಗೆಯಾಡೋಕೆ ಹೇಳಿದ್ದು ಅಂತ ಗೊತ್ತು, ಆದರೂ ಚೆನ್ನಾಗಿದೆ.

ಬಾಗಲಕೋಟೆಯಿಂದ:

ಜಮಖಂಡಿಯವರ ಸಾಲನ್ನೇ ಹಾಕಿದ್ದೇನೆ. ಮರುಮತದಾನದ ವ್ಯತ್ಯಾಸ ಮೇಲ್ಗಡೆ ದೊಡ್ಡಕ್ಷರದಲ್ಲಿ ಬರುತ್ತೆ. ಅಂದಹಾಗೆ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಓಟಿಗೆ ಮುಂಚೆಯೇ ತೀರಿಕೊಂಡರೆ ಮತದಾನ ಮುಂದಕ್ಕೆ ಹಾಕುತ್ತಾರಲ್ಲ, ಅದಕ್ಕೆ ‘ಮುಂದೂಡಿದ ಮತದಾನ’ ಸಾಕಲ್ವಾ? ಧಾತು ಬೇಡ, ಸಾಕೋ ಇಲ್ಲವೋ ಅಷ್ಟೇ ಹೇಳಿ.

ಜಮಖಂಡಿಯಿಂದ:

ಸಾಕು.