ಅಪ್‌ಡೇಟ್: ಸಾಲಗಾಮೆ ರಸ್ತೆ ಸೈಟಿನ ಕಥೆ

ಹೋದ ತಿಂಗಳು ಕೇಳಿದ್ದೆ: ಹಾಸನದಲ್ಲಿ 30×40 ಸೈಟಿಗೆ 32 ಲಕ್ಷ ಹೇಳಿದ್ದೇವೆ, ಮಾರುವವರ ಬ್ರೋಕರ್ "ಇನ್ನೊಂದು ಪಾರ್ಟಿ ಜಾಸ್ತಿ ಕೊಡ್ತಿದೆ, ಇವತ್ತೇ ಟೋಕನ್ ಅಡ್ವಾನ್ಸ್ ಹಾಕಿ" ಅಂತಾರೆ, ನಂಬಬಹುದಾ ಅಂತ.

ನೀವು ಹೇಳಿದ ಹಾಗೆ ಫೋನ್ ಬಿಟ್ಟು ಬ್ರೋಕರ್‌ಗೆ ವಾಟ್ಸಾಪ್‌ನಲ್ಲಿ ಬರೆದೆ: ರೇಟು ಇಷ್ಟು, ಇಸಿ (ಸೈಟಿನ ಮೇಲಿನ ಸಾಲ, ವ್ಯವಹಾರ ತೋರಿಸುವ ಪತ್ರ), ಇ-ಖಾತಾ (ಆಸ್ತಿಯ ಡಿಜಿಟಲ್ ಖಾತಾ ದಾಖಲೆ) ನೋಡಿದ ಮೇಲೇ ಟೋಕನ್, ಶುಕ್ರವಾರದೊಳಗೆ ಉತ್ತರ ಬೇಕು. ಎರಡು ದಿನ ಬರೀ ನೀಲಿ ಟಿಕ್. ಮೂರನೇ ದಿನ ಅವರೇ "ಓನರ್ ಹತ್ರ ಕೂತು ಮಾತಾಡಿ ಸರ್" ಅಂದರು. ಇನ್ನೊಂದು ಪಾರ್ಟಿ ಸುದ್ದಿಯೇ ಇಲ್ಲ!

ಓನರ್ ಮನೆಯಲ್ಲಿ ಕಾಫಿ ಲೋಟ ಕೈಗೆ ಬಂದಾಗ ಗೊತ್ತಾಯಿತು, ನಮ್ಮ 32 ಅವರ ಕಿವಿಗೇ ಬಿದ್ದಿರಲಿಲ್ಲ. 33ಕ್ಕೆ ಒಪ್ಪಿದರು. ಇಸಿಯಲ್ಲಿ ಹಳೇ ಬ್ಯಾಂಕ್ ಸಾಲ ಇನ್ನೂ ಕಾಣುತ್ತಿದೆ. ಅದು ತೀರಿದ ಪತ್ರ ಬಂದ ಮೇಲೆ ಅಗ್ರಿಮೆಂಟ್.