ಯುದ್ಧ ನಮ್ಮೂರನ್ನು ಹೇಗೆ ತಟ್ಟಿತ್ತು? ಮಕ್ಕಳಿಂದ ಹುಡುಕಿಸಿದವರ ಅನುಭವ

ಕೇಳಿದವರು: ಕಾರವಾರ ತಾಲೂಕಿನ ಒಬ್ಬ ಪ್ರೌಢಶಾಲಾ ಶಿಕ್ಷಕಿ

ಎಂಟು, ಒಂಬತ್ತನೇ ತರಗತಿ ಮಕ್ಕಳಿಗೆ ಒಂದು ಪ್ರಾಜೆಕ್ಟ್ ಕೊಡಬೇಕು ಅಂತಿದ್ದೇನೆ. ಹಿಂದೆ ನಡೆದ ಒಂದು ಯುದ್ಧದಿಂದ ನಮ್ಮ ಊರಿನ ಜನರಿಗೆ ಏನಾಯಿತು ಅಂತ ಅವರೇ ಹುಡುಕಬೇಕು. ನೆಟ್‌ನಿಂದ ಪ್ರಿಂಟ್ ತೆಗೆದು ಅಂಟಿಸಿಕೊಂಡು ಬರೋದು ಬೇಡ. ಯಾವ ಯುದ್ಧ ತಗೊಳ್ಳಲಿ? ಎಲ್ಲಿಂದ ಶುರು ಮಾಡಲಿ? ಮಾಡಿಸಿದವರಿದ್ದರೆ ದಯವಿಟ್ಟು ಹೇಳಿ.

ಸದಾಶಿವಗಡದಿಂದ, ನಿವೃತ್ತ ಮಾಸ್ತರರು

ಅಕ್ಕೋರೇ, ಕಾರವಾರದಲ್ಲಿ ಇದ್ದುಕೊಂಡು 1961 ಬಿಟ್ಟು ಬೇರೆ ಕಡೆ ಹೋಗಬೇಡಿ. ಗೋವಾ ವಿಮೋಚನೆಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಆಗ ಹತ್ತು ವರ್ಷದವರಿಗೆ ಈಗ ಎಪ್ಪತ್ತೈದರ ಆಸುಪಾಸು. ಇನ್ನೊಂದಷ್ಟು ವರ್ಷ ಬಿಟ್ಟರೆ ಯಾರನ್ನು ಕೇಳೋಣ?

ಮಕ್ಕಳಿಗೆ ಮೊದಲು ಇಷ್ಟು ಹೇಳಿ. ಅಂಜುದೀವ ನಡುಗಡ್ಡೆ ನಮ್ಮ ಕಣ್ಣೆದುರಿಗೇ ಇದ್ದರೂ ಆಗ ಪೋರ್ತುಗೀಜರ ಕೈಯಲ್ಲಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿಂದ ಸಬರಮತಿ ಅನ್ನುವ ಪ್ರಯಾಣಿಕರ ಆಗಬೋಟಿನ ಮೇಲೆ ಗುಂಡು ಹಾರಿಸಿದರು. ಅದೇ ತಿಂಗಳು ಒಬ್ಬ ಮೀನುಗಾರನೂ ಅವರ ಗುಂಡಿಗೆ ಬಲಿಯಾದ. ಡಿಸೆಂಬರ್ 18ಕ್ಕೆ ನಮ್ಮ ಸೈನ್ಯ ಗೋವಾಕ್ಕೆ ನುಗ್ಗಿತು. ಐಎನ್ಎಸ್ ಮೈಸೂರು, ಐಎನ್ಎಸ್ ತ್ರಿಶೂಲ್ ಹಡಗುಗಳು ಅಂಜುದೀವಕ್ಕೆ ಬಂದವು. ಆ ಕಾಳಗದಲ್ಲಿ ನಮ್ಮ ನೌಕಾಪಡೆಯ 7 ಜನ ತೀರಿಕೊಂಡರು. ಸೈನ್ಯದ ಒಂದು ತುಕಡಿ ಮಾಜಾಳಿ ದಾಟಿ ಕಾಣಕೋಣದ ದಾರಿಯಲ್ಲಿ ಮಡಗಾಂವ್ ಕಡೆ ಹೋಯಿತು. 19ಕ್ಕೆ ಎಲ್ಲ ಮುಗಿಯಿತು.

ಇದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ಮಕ್ಕಳು ಹುಡುಕಬೇಕಾದ್ದು ಇದರ ಆಚೆ ಇದೆ. "ಅಜ್ಜಿ, ಯುದ್ಧದ ಬಗ್ಗೆ ಹೇಳಿ" ಅಂದರೆ "ನಂಗೇನ್ ಗೊತ್ತು ಮಗಾ, ನಾವು ಮನೆ ಒಳಗೆ ಇದ್ದವರು" ಅಂತ ಮಾತು ಮುಗಿಸಿಬಿಡುತ್ತಾರೆ. ಅದರ ಬದಲು ಬದುಕಿನ ಪ್ರಶ್ನೆ ಕೇಳಿಸಿ. ಆ ವಾರ ನಿಮ್ಮ ಅಪ್ಪ ದೋಣಿ ನೀರಿಗೆ ಇಳಿಸಿದ್ರಾ? ಮೀನು ಮಾರೋಕೆ ಯಾವ ಕಡೆ ಹೋಗ್ತಿದ್ರು? ಅಂಗಡಿಯಲ್ಲಿ ಏನು ಸಿಗ್ತಿರಲಿಲ್ಲ? ಶಾಲೆ ಇತ್ತಾ?

ನಮ್ಮ ಒಬ್ಬ ವಿದ್ಯಾರ್ಥಿನಿ ತನ್ನ ಮುತ್ತಜ್ಜಿಯನ್ನು "ನಿಮ್ಮ ತವರು ಯಾವುದು?" ಅಂತಷ್ಟೇ ಕೇಳಿದಳು. ತವರು ಗೋವಾದೊಳಗೆ, ಗಡಿಯ ಪೋಳೆಂ ಆಚೆ, ಕಾಣಕೋಣದ ಹತ್ತಿರ. 1955ರಲ್ಲಿ ಗೋವಾದ ಗಡಿ ಬಿಗಿಯಾಗಿ, ಸಾಮಾನು ಸರಂಜಾಮು ಓಡಾಡೋದೂ ನಿಂತಿತ್ತು. ಅಜ್ಜಿಯ ಚೊಚ್ಚಲ ಬಾಣಂತನ ಬಂದದ್ದು ಆ ಕಾಲಕ್ಕೆ. ತವರಿಗೆ ಹೋಗೋಕೆ ಆಗಲಿಲ್ಲ. ತಾಯಿಗೂ ಬರೋಕೆ ಆಗಲಿಲ್ಲ. ಮಗು ನಡೆಯೋಕೆ ಕಲಿತ ಮೇಲೆ ಅದರ ಅಜ್ಜಿ ಅದನ್ನು ಮೊದಲ ಸಲ ನೋಡಿದ್ದು. ಹುಡುಗಿ ಅದನ್ನು ಕೊಂಕಣಿಯಲ್ಲಿ ಕೇಳಿ, ಅಜ್ಜಿ ಹೇಳಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಂದಿದ್ದಳು. ತರಗತಿಯಲ್ಲಿ ಓದಿದಾಗ ಮಕ್ಕಳು ಒಂದು ಮಾತಾಡಲಿಲ್ಲ. ಗಡಿ ಅಂದರೆ ಏನು ಅಂತ ನಾನು ಎಷ್ಟು ವರ್ಷ ಪಾಠ ಮಾಡಿದ್ದರೂ ಅಷ್ಟು ಚೆನ್ನಾಗಿ ತಿಳಿಸೋಕೆ ನನ್ನಿಂದ ಆಗುತ್ತಿರಲಿಲ್ಲ.

ಇಸವಿ ಮಾತ್ರ ಕೇಳಿಸಬೇಡಿ. ವಯಸ್ಸಾದವರು 1961, 65, 71 ಮೂರನ್ನೂ ಕಲಸಿ ಹೇಳುತ್ತಾರೆ, ಅದು ಸಹಜ. "ಗೋವಾ ಸಿಗೋ ಮೊದಲಾ, ಆಮೇಲಾ?", "ಕಾಳಿ ಸೇತುವೆ ಇತ್ತಾ, ತಾರಿ ದಾಟಿ ಹೋಗ್ತಿದ್ರಾ?", "ನಿಮ್ಮ ಮದುವೆ ಆಗಿತ್ತಾ?" ಅಂತ ಕೇಳಿದರೆ ಕಾಲ ತಾನಾಗಿ ಗೊತ್ತಾಗುತ್ತದೆ. 2024ರಲ್ಲಿ ಕುಸಿದ ಹಳೇ ಸೇತುವೆ ಆಗಿದ್ದೇ 1983ರಲ್ಲಿ. ಹಾಗಾಗಿ 61ರ ನೆನಪಿನಲ್ಲಿ ಯಾರಾದರೂ ಸೇತುವೆ ಮೇಲೆ ಸೈನ್ಯದ ಲಾರಿ ಹೋಯ್ತು ಅಂದರೆ ಮಕ್ಕಳು ಇನ್ನೊಮ್ಮೆ ವಿಚಾರಿಸಬೇಕು. ಅಜ್ಜ ಸುಳ್ಳು ಹೇಳಿದ್ರು ಅಂತಲ್ಲ, ಎರಡು ನೆನಪು ಸೇರಿಕೊಂಡಿವೆ ಅಷ್ಟೇ. ಸಬರಮತಿ ಮೇಲೆ ಗುಂಡು ಹಾರಿಸಿದ ತಾರೀಖೂ ಒಂದೊಂದು ಕಡೆ ಒಂದೊಂದು ಇದೆ. ಅವೆರಡನ್ನೂ ಬರೆಯೋಕೆ ಹೇಳಿ.

ತೋಡೂರಿನಿಂದ, ಒಬ್ಬ ತಾಯಿ

ಟೀಚರ್, ಮಾಸ್ತರರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅಂಜುದೀವದ ಎದುರಿಗೇ ಇದ್ದ ಊರಿನವರನ್ನು ಈಗ ಆ ಊರಲ್ಲಿ ಹುಡುಕಿದರೆ ಸಿಗುವುದಿಲ್ಲ. ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಅರ್ಗಾ ಕಡೆಯ ಎಷ್ಟೋ ಮನೆಗಳು ಎದ್ದು ಹೋದವು. ಆ ಜನ ಈಗ ತೋಡೂರು, ಮುದಗಾ ಕಾಲೊನಿಗಳಲ್ಲಿದ್ದಾರೆ. ನನ್ನ ಮಾವ ಹುಡುಗನಾಗಿದ್ದಾಗ ಅಂಗಳದಿಂದ ಕಾಣುತ್ತಿದ್ದ ಸಮುದ್ರದ ಬಗ್ಗೆ ಕೇಳಿದರೆ ಸಂಜೆಯವರೆಗೂ ಮಾತಾಡುತ್ತಾರೆ. ಆದರೆ ಅವರು 61ರಿಂದ ಶುರು ಮಾಡಿದರೂ ಮಾತು ಬಂದು ನಿಲ್ಲೋದು ಮನೆ ಬಿಟ್ಟ ದಿನಕ್ಕೇ. ಮಕ್ಕಳು ಅದನ್ನು "ವಿಷಯಕ್ಕೆ ಸಂಬಂಧ ಇಲ್ಲ" ಅಂತ ಬಿಡಬಾರದು. ದೇಶದ ರಕ್ಷಣೆಗೆ ಅಂತಲೇ ಅಲ್ವಾ ಆ ಜಾಗ ಹೋದದ್ದು? ಅದೂ ಲೆಕ್ಕಕ್ಕೆ ಬರಬೇಕು.

ನೌಕಾನೆಲೆಯ ಕಡೆ ಫೋಟೋ ತೆಗೆಯೋಕೆ ಮಕ್ಕಳನ್ನು ಬಿಡಬೇಡಿ. ನಡುಗಡ್ಡೆಗೂ ಸುಮ್ನೆ ಹೋಗೋಕೆ ಆಗಲ್ಲ. ದೂರದಿಂದ ಕಂಡದ್ದನ್ನು ಚಿತ್ರ ಬರೆಯಲಿ, ಸಾಕು.

ಶಿರಸಿಯಿಂದ, ತೋಟದ ಮನೆಯವರು

ನಮ್ಮ ಘಟ್ಟದ ಮೇಲಿನ ಮಕ್ಕಳಿಗೆ ಅಂಜುದೀವ ದೂರ. ಹಾಗಾಗಿ ಊರಿನ ಶಾಲೆಯವರು ಎರಡನೇ ಮಹಾಯುದ್ಧ ತಗೊಂಡರು. ನೋಡಿದವರು ಕಡಿಮೆ, ಆದರೆ ಕಾಗದ ಇದೆ. ಹಳೇ ಅಡಿಕೆ ತೋಟದ ಮನೆಗಳಲ್ಲಿ ಅಟ್ಟ ಹತ್ತಿದರೆ ದಿನದಿನದ ಲೆಕ್ಕ ಬರೆದ ಕೀರ್ದಿ ಪುಸ್ತಕ ಸಿಗುತ್ತವೆ. ನಮ್ಮನೆಯದನ್ನು ಜಗಲಿ ಮೇಲೆ ಹರಡಿ ಕೂತು ಮಕ್ಕಳು ಓದಿದರು. ತಾರೀಖಿನ ಜಾಗದಲ್ಲಿ "ಚಿತ್ರಭಾನು ಸಂ." ಅಂತ ಇರುತ್ತದೆ, ಚಿತ್ರಭಾನು ಸಂವತ್ಸರ, ಅಂದರೆ 1942-43. ಒಂದು ಪುಟದಲ್ಲಿ ಅಕ್ಕಿ, ಸೀಮೆಎಣ್ಣೆ, ಸೀರೆ ಬಟ್ಟೆ, ಆಳಿನ ಕೂಲಿ ಎಲ್ಲ ರೂಪಾಯಿ, ಆಣೆ, ಪೈ ಲೆಕ್ಕದಲ್ಲಿ. ಹಿಂದಿನ ವರ್ಷದ ಪುಟ ಪಕ್ಕಕ್ಕಿಟ್ಟುಕೊಂಡು ಮಕ್ಕಳು ದರ ಹೋಲಿಸಿದರು. ಸೀಮೆಎಣ್ಣೆ ಅನ್ನುವ ಸಾಲೇ ಕೆಲವು ತಿಂಗಳು ಇಲ್ಲ! ಅದು ಯಾಕೆ ಅಂತ ಒಬ್ಬ ಹುಡುಗ ಮನೆ ಮನೆ ಕೇಳಿಕೊಂಡು ಬಂದ. ಹೊನ್ನೆ ಎಣ್ಣೆ ದೀಪದ ಕಥೆ ಹೊರಗೆ ಬಂದದ್ದು ಹಾಗೆ.

1942ರಲ್ಲಿ ಬರ್ಮಾ ಜಪಾನಿನವರ ಪಾಲಾಗಿ ಅಲ್ಲಿಂದ ಬರುವ ಅಕ್ಕಿ ನಿಂತದ್ದು, ಆಮೇಲೆ ರೇಷನ್ನು, ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಲೆವಿ ಭತ್ತ, ಇದೆಲ್ಲ ಈ ಪುಸ್ತಕದ ಜೊತೆ ಇಟ್ಟು ಹೇಳಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ.

ಇನ್ನೊಂದು, ಹಳೇ ದುಡ್ಡಿನ ಡಬ್ಬಿ ನೋಡಿಸಿ. ನಡುವೆ ತೂತಿರುವ ಒಂದು ಪೈಸೆಯ ಬಿಲ್ಲೆ ಎಷ್ಟೋ ಮನೆಯಲ್ಲಿದೆ. 1943ರಿಂದ ಅದನ್ನು ಹಾಗೆ ಹೊಡೆದದ್ದು ಲೋಹ ಉಳಿಸೋಕೆ. ರೂಪಾಯಿಗೆ ಅಂಥವು 64. ಎಲ್ಲೋ ಯುರೋಪಿನಲ್ಲಿ, ಬರ್ಮಾದಲ್ಲಿ ನಡೆದ ಯುದ್ಧ ನಮ್ಮ ಅಜ್ಜಿಯ ಸಂಚಿಯವರೆಗೆ ಬಂದಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ನೆನಪಿರಲಿ, 1956ರವರೆಗೆ ನಮ್ಮ ಜಿಲ್ಲೆ ಮುಂಬಯಿಗೆ ಸೇರಿತ್ತು. ಸರ್ಕಾರಿ ಕಾಗದ ಹುಡುಕುತ್ತಾ ಬೆಂಗಳೂರಿಗೆ ಪತ್ರ ಬರೆದು ಕಾಯುವ ಬದಲು ನಿಮ್ಮ ಶಾಲೆಯ ಹಳೇ ದಾಖಲಾತಿ ರಿಜಿಸ್ಟರ್ ತೆಗೆಸಿ. ಯಾವ ವರ್ಷ ಎಷ್ಟು ಮಕ್ಕಳು ಶಾಲೆ ಬಿಟ್ಟರು ಅಂತ ಅದರಲ್ಲೇ ಸಿಗುತ್ತದೆ.

ಮುಂಡಗೋಡದಿಂದ

ನಮ್ಮಲ್ಲಿ 1966ರಿಂದ ಟಿಬೆಟನ್ನರ ಕ್ಯಾಂಪ್ ಇದೆ. ಯುದ್ಧದಿಂದ ಊರು ಬಿಟ್ಟು ಬಂದವರು ನಮ್ಮ ಪಕ್ಕದಲ್ಲೇ ಇದ್ದಾರೆ. ಅವರು ಬಂದಾಗ ಸುತ್ತಲಿನ ಹಳ್ಳಿಗೆ ಏನು ಬದಲಾಯಿತು ಅಂತ ಎರಡೂ ಕಡೆಯವರನ್ನು ಕೇಳಿಸಬಹುದು.

ಚೆಂಡಿಯಾದಿಂದ, ಮಾಜಿ ಸೈನಿಕ

ನಮಸ್ಕಾರ ಮೇಡಂ. ಮಕ್ಕಳನ್ನು ಟಾಗೋರ್ ಬೀಚಿನಲ್ಲಿರುವ ಮೇಜರ್ ರಾಮ ರಾಘೋಬ ರಾಣೆ ಅವರ ಪ್ರತಿಮೆ ಹತ್ತಿರ ಖಂಡಿತ ಕರೆದುಕೊಂಡು ಹೋಗಿ. 1948ರ ಏಪ್ರಿಲ್‌ನಲ್ಲಿ ನೌಶೇರಾ ರಜೌರಿ ದಾರಿಯಲ್ಲಿ ಗುಂಡಿನ ಮಳೆಯ ನಡುವೆ ನೆಲಬಾಂಬು ತೆಗೆದು, ಅಡ್ಡ ಹಾಕಿದ್ದ ಮರ ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು. ಪರಮವೀರ ಚಕ್ರ ಪಡೆದವರು. ಅವರ ಮನೆತನ ನಮ್ಮ ಚೆಂಡಿಯಾದ್ದು.

ಆದರೆ ಪ್ರತಿಮೆ ನೋಡಿ ವಾಪಸ್ ಬರಬೇಡಿ. ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಮನೆಗಳಿಗೆ ಹೋಗಿ. ಗದ್ದೆ ಯಾರು ನೋಡಿಕೊಂಡರು, ಕಾಗದ ಬರದಿದ್ದಾಗ ಮನೆಯಲ್ಲಿ ಹೇಗಿತ್ತು, ಮನಿಯಾರ್ಡರ್ ಬಂದ ದಿನ ಏನು ತರುತ್ತಿದ್ದರು, ಇವನ್ನೆಲ್ಲ ಯಾರೂ ಕೇಳಿಲ್ಲ. ಗಂಡನನ್ನೋ ಮಗನನ್ನೋ ಕಳಕೊಂಡ ಮನೆಯಾದರೆ ಮೊದಲು ನೀವೊಬ್ಬರೇ ಹೋಗಿ ಕೇಳಿಕೊಂಡು ಬನ್ನಿ. ಬೇಡ ಅಂದರೆ ಅಲ್ಲಿಗೇ ಬಿಡಿ. "ಹೇಗೆ ಸತ್ತರು" ಅನ್ನುವ ಪ್ರಶ್ನೆ ಮಕ್ಕಳ ಬಾಯಲ್ಲಿ ಬರಲೇಬಾರದು. ಅತ್ತರೆ ಮೊಬೈಲ್ ರೆಕಾರ್ಡಿಂಗ್ ನಿಲ್ಲಿಸಬೇಕು, ಇದನ್ನು ಮೊದಲೇ ಹೇಳಿಕೊಡಿ.

ಮತ್ತೆ ಸದಾಶಿವಗಡದಿಂದ

ಅಕ್ಕೋರೇ, ಒಂದು ಹೇಳೋದು ಬಿಟ್ಟಿತ್ತು. ಡಿಸೆಂಬರ್ 19 ಗೋವಾ ವಿಮೋಚನಾ ದಿನ. ಮಕ್ಕಳು ಬರೆದದ್ದನ್ನು ಅವತ್ತೇ ಶಾಲೆಯಲ್ಲಿ ಇಡಿ, ಮಾತಾಡಿದ ಅಜ್ಜ ಅಜ್ಜಿಯರನ್ನು ಕರೆಸಿ. ಓದೋಕೆ ಬಾರದವರಿಗೆ ಮಕ್ಕಳೇ ಓದಿ ಹೇಳಲಿ. ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ, ಬಿಟ್ಟದ್ದನ್ನು ಸೇರಿಸುತ್ತಾರೆ. ಅದಕ್ಕೆ ಒಬ್ಬ ಮಗು ಪೆನ್ನು ಹಿಡಿದು ಪಕ್ಕದಲ್ಲಿ ಕೂತಿರಲಿ.