ಮಕ್ಕಳ ಅಂತರರಾಷ್ಟ್ರೀಯ ಜಾಲದಲ್ಲಿ ಮತ ಯಾರ ಕೈಯಲ್ಲಿರಬೇಕು?

ತುಂಗಾತೀರದ ಮೇಷ್ಟ್ರು

ನಾನು ಸರ್ಕಾರಿ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕ. ನಮ್ಮ ಒಂಬತ್ತನೇ ತರಗತಿಯವರು ನಾಲ್ಕು ವರ್ಷಗಳಿಂದ, ಶಾಲೆಗಳನ್ನು ಜೋಡಿಸುವ ಅಂತರರಾಷ್ಟ್ರೀಯ ಜಾಲವೊಂದರ ಮೂಲಕ, ಹೊರದೇಶದ ಮೂರು ಶಾಲೆಗಳ ಜೊತೆ ಸೇರಿ ಮಳೆ ಅಳೆಯುತ್ತಿದ್ದರು. ಅವರವರ ಊರಿನ ಮಳೆ ಅವರವರು ಅಳೆಯುವುದು, ತಿಂಗಳಿಗೊಮ್ಮೆ ಅಂಕಿಗಳನ್ನು ಹಂಚಿಕೊಳ್ಳುವುದು, ಜೊತೆಗೆ ಒಂದೆರಡು ಪತ್ರ. ಆಗುಂಬೆ ಕಡೆಯ ಹುಡುಗನೊಬ್ಬ ಕಳುಹಿಸಿದ ಜುಲೈ ತಿಂಗಳ ಅಂಕಿ ನೋಡಿ ಅತ್ತಲಿನ ಮಕ್ಕಳು ದಶಮಾಂಶ ಬಿಂದು ತಪ್ಪಿರಬೇಕೆಂದು ಬರೆದದ್ದು ನಮ್ಮ ಶಾಲೆಯಲ್ಲಿ ಇಂದಿಗೂ ನಗೆಯ ಮಾತು.

ಈ ಜೂನ್‌ನಲ್ಲಿ ಎಲ್ಲ ನಿಂತುಹೋಯಿತು. ನಾವು ಇಡೀ ತರಗತಿಗೆ ಒಂದೇ ಖಾತೆ ಬಳಸುತ್ತಿದ್ದೆವು. ಇನ್ನು ಮುಂದೆ ಪ್ರತಿ ವಿದ್ಯಾರ್ಥಿಗೂ ಸ್ವಂತ ಇಮೇಲ್, ಸ್ವಂತ ಖಾತೆ ಇರಬೇಕು ಎಂದು ಜಾಲದ ಮಹಾಸಭೆ ತೀರ್ಮಾನಿಸಿದೆಯಂತೆ. ನಮ್ಮಲ್ಲಿ 38 ಮಕ್ಕಳಿದ್ದಾರೆ. ನಡೆಯುವ ಕಂಪ್ಯೂಟರ್‌ಗಳು ಐದು. ಮಹಾಸಭೆಯಲ್ಲಿ ಭಾರತಕ್ಕೆ ಒಂದು ಮತ. ಅದನ್ನು ಹಾಕಿದವರು ಯಾರು, ಹಾಕುವ ಮುನ್ನ ಯಾರನ್ನು ಕೇಳಿದರು ಎಂಬುದು ನನಗೆ ಗೊತ್ತಿಲ್ಲ. ಜಾಲದ ಹೆಸರು ಇಲ್ಲಿ ಬೇಡ, ನನ್ನ ತಕರಾರು ಪದ್ಧತಿಯ ಮೇಲೆ. ಕೆಲಸ ಮಾಡುವುದು ತರಗತಿ. ಹಾಗಿದ್ದ ಮೇಲೆ ಮತವೂ ತರಗತಿಯದ್ದೇ ಆಗಬೇಕಲ್ಲವೇ?

ಮೆಲ್ಬರ್ನ್ ಮಲ್ಲಿಗೆ

ಮೇಷ್ಟ್ರೇ, ನಿಮ್ಮ ಸಂಕಟ ಅರ್ಥವಾಗುತ್ತದೆ, ಮದ್ದು ಮಾತ್ರ ಒಪ್ಪಲಾರೆ. ನಾನು ಇಲ್ಲಿ ಮಾಧ್ಯಮಿಕ ಶಾಲೆಯಲ್ಲಿ ಕಲಿಸುತ್ತೇನೆ.

ಐಅರ್ನ್ ಎಂಬ ಜಾಲವನ್ನೇ ನೋಡಿ. ಸೋವಿಯತ್ ಒಕ್ಕೂಟ ಇನ್ನೂ ಇದ್ದ 1988ರಲ್ಲಿ ಪೀಟರ್ ಕೋಪನ್ ಎಂಬ ಅಮೆರಿಕದ ಗೃಹಸ್ಥರು ನ್ಯೂಯಾರ್ಕ್ ರಾಜ್ಯದ ಕೆಲವು ಶಾಲೆಗಳನ್ನು ಮಾಸ್ಕೋದ ಶಾಲೆಗಳೊಂದಿಗೆ ಜೋಡಿಸಿದರು. ಹಣ ಅವರ ಕುಟುಂಬದ ನಿಧಿಯದ್ದು. ಹಾಗೆಯೇ ಬಿಟ್ಟಿದ್ದರೆ ಅದು ಒಬ್ಬ ದಾನಿಯ ಕೂಸಾಗಿ ಉಳಿಯುತ್ತಿತ್ತು. 1994ರಲ್ಲಿ ಅರ್ಜೆಂಟೀನಾದ ಪುಯೆರ್ಟೊ ಮಾದ್ರಿನ್‌ನಲ್ಲಿ ಹಲವು ದೇಶಗಳ ಶಿಕ್ಷಕರು ಕಲೆತು ಅದಕ್ಕೆ ಅಂತರರಾಷ್ಟ್ರೀಯ ಸಂಸ್ಥೆಯ ರೂಪ ಕೊಟ್ಟರು. ಪ್ರತಿ ದೇಶದ ಕೇಂದ್ರವೂ ಸ್ವತಂತ್ರ. ತನ್ನ ಹಣವನ್ನು ತಾನೇ ಹೊಂದಿಸಿಕೊಳ್ಳಬೇಕು. ಕೇಂದ್ರಗಳ ಪ್ರತಿನಿಧಿಗಳು ಸೇರುವ ಸಭೆ, ಅದರಿಂದ ಆರಿಸಿ ಬರುವ ಕಾರ್ಯಕಾರಿ ಮಂಡಳಿ. ನಾನು ತಿಳಿದುಕೊಂಡಂತೆ ಈ ಏರ್ಪಾಟಿನ ತಿರುಳು ಒಂದೇ: ದೊಡ್ಡ ದೇಶದವರು ಸಣ್ಣ ದೇಶದವರ ತಲೆಯ ಮೇಲೆ ಕೂರಬಾರದು.

ತರಗತಿಗೊಂದು ಮತ ಕೊಟ್ಟು ನೋಡಿ. ಮಕ್ಕಳೆಲ್ಲರ ಚೀಲದಲ್ಲೂ ಲ್ಯಾಪ್‌ಟಾಪ್ ಇರುವ ದೇಶಗಳು ಸಾವಿರಾರು ತರಗತಿಗಳನ್ನು ನೋಂದಾಯಿಸುತ್ತವೆ. ನಿಮ್ಮ 38 ಮಕ್ಕಳ ಒಂದು ಮತ ಆ ರಾಶಿಯಲ್ಲಿ ಎಲ್ಲಿ ಕಾಣುತ್ತದೆ? ನೀವು ವಿರೋಧಿಸುತ್ತಿರುವ ನಿಯಮ ಆಗ ಇನ್ನೂ ಭಾರಿ ಬಹುಮತದಿಂದ ಗೆಲ್ಲುತ್ತಿತ್ತು.

ಖಾಕಿ ಟೋಪಿ

ನಲವತ್ತು ವರ್ಷ ಸ್ಕೌಟ್ ಚಳವಳಿಯಲ್ಲಿದ್ದವನು ನಾನು. ಜಾಗತಿಕ ಸ್ಕೌಟ್ ಸಮ್ಮೇಳನದಲ್ಲಿ ಪ್ರತಿ ರಾಷ್ಟ್ರೀಯ ಸಂಸ್ಥೆಗೂ ಆರು ಮತ. ಲಕ್ಷಗಟ್ಟಲೆ ಮಕ್ಕಳಿರುವ ನಮ್ಮ ದೇಶಕ್ಕೂ ಆರು, ನಕ್ಷೆಯಲ್ಲಿ ಹುಡುಕಬೇಕಾದ ದ್ವೀಪಕ್ಕೂ ಆರು. ಶುಲ್ಕ ಮಾತ್ರ ಸಮಾನವಲ್ಲ. ಸದಸ್ಯರ ಸಂಖ್ಯೆ, ದೇಶದ ವರಮಾನ ನೋಡಿ ಹಾಕುತ್ತಾರೆ. ಹೊರೆ ಶಕ್ತಿಗೆ ತಕ್ಕಂತೆ, ಮಾತು ಎಲ್ಲರಿಗೂ ಒಂದೇ. ಒಂದರ ಬದಲು ಆರು ಇರುವುದರಲ್ಲಿ ಇನ್ನೊಂದು ಅನುಕೂಲವಿದೆ: ಒಂದು ದೇಶದೊಳಗೆ ಎರಡು ಮೂರು ಸಂಘಗಳಿದ್ದರೆ ಆ ಆರನ್ನು ತಮ್ಮೊಳಗೆ ಹಂಚಿಕೊಳ್ಳಬಹುದು. ಒಂದೇ ಮತವಿದ್ದರೆ ಹಂಚುವುದು ಹೇಗೆ? ಮೇಷ್ಟ್ರ ಜಾಲದವರು ಇದನ್ನು ಯೋಚಿಸಬಹುದು.

ದಾವಣಗೆರೆ ಲೆಕ್ಕಿಗ

ಎಲ್ಲರೂ ಮತ ಎಣಿಸುತ್ತಿದ್ದೀರಿ, ಹಣ ಎಣಿಸುವವರೇ ಇಲ್ಲ. ಸರ್ವರ್ ಬಾಡಿಗೆ ಕಟ್ಟುವವರು ಯಾರು? ಸಮ್ಮೇಳನಕ್ಕೆ ಬಡ ದೇಶದ ಪ್ರತಿನಿಧಿಯ ವಿಮಾನ ಟಿಕೆಟ್ ತೆಗೆಯುವವರು ಯಾರು? ಕಾಗದದಲ್ಲಿ ಸಮಾನ ಮತವಿದ್ದರೂ ಬೀಗದ ಕೈ ಇರುವುದು ಅವರ ಸೊಂಟದಲ್ಲಿ. ಐಅರ್ನ್‌ನ ಅಮೆರಿಕ ಕೇಂದ್ರ ತನ್ನ ಸರ್ಕಾರದ ವಿದೇಶಾಂಗ ಇಲಾಖೆಯ ಅನುದಾನದಲ್ಲಿ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮಗಳನ್ನು ನಡೆಸಿದೆ. ಅದು ತಪ್ಪೆಂದು ಹೇಳುತ್ತಿಲ್ಲ. ಅಂಥ ಆದಾಯವಿರುವ ಕೇಂದ್ರಕ್ಕೂ ಚಂದಾ ಹಣದಲ್ಲಿ ಬದುಕುವ ಕೇಂದ್ರಕ್ಕೂ ಸಭೆಯಲ್ಲಿ ಒಂದೇ ಗಾತ್ರದ ಕುರ್ಚಿ ಹಾಕಿದ ಮಾತ್ರಕ್ಕೆ ಸಮಾನತೆ ಬರುವುದಿಲ್ಲ ಎಂದಷ್ಟೇ.

ಭಾರತದ ಕೇಂದ್ರಕ್ಕೆ ಇನ್ನೊಂದು ಕಗ್ಗಂಟಿದೆ. ಹೊರಗಿನಿಂದ ದೇಣಿಗೆ ಬರಬೇಕಾದರೆ 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ, ಹಣ ಮೊದಲು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಜಾಲದ ಕೇಂದ್ರ ನಿಧಿಯಿಂದ ಭಾರತಕ್ಕೆ ಐದು ಲಕ್ಷ ಕೊಟ್ಟು, ಇಲ್ಲಿಂದ ಹತ್ತು ಗ್ರಾಮೀಣ ಸಂಸ್ಥೆಗಳಿಗೆ ಹಂಚಿಸೋಣ ಎಂದು ಮಹಾಸಭೆ ಒಮ್ಮತದಿಂದ ತೀರ್ಮಾನಿಸಲಿ, ಆ ತೀರ್ಮಾನ ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ.

ಐಂಡ್‌ಹೋವನ್ ಅಮ್ಮ

ಹಣದ ಚಿಂತೆ ಇಲ್ಲದ ಜಾಲವೂ ಇದೆ, ಯುರೋಪಿನ ಇಟ್ವಿನಿಂಗ್. 2005ರಲ್ಲಿ ಯುರೋಪಿಯನ್ ಆಯೋಗ ಆರಂಭಿಸಿತು. ಪ್ರತಿ ದೇಶದಲ್ಲೂ ಬೆಂಬಲ ಕಚೇರಿ, ಶಾಲೆಗಳಿಗೆ ಉಚಿತ. ನನ್ನ ಮಗನ ತರಗತಿಯವರು ಪೋರ್ಚುಗಲ್‌ನ ಮಕ್ಕಳ ಜೊತೆ ಸೇತುವೆಗಳ ಕುರಿತು ಒಂದು ಯೋಜನೆ ಮಾಡಿದ್ದರು, ಬಹಳ ಚೆನ್ನಾಗಿ ನಡೆಯಿತು. ಆದರೆ ಸರ್ಕಾರ ಕೊಟ್ಟದ್ದನ್ನು ಸರ್ಕಾರವೇ ಕಿತ್ತುಕೊಳ್ಳಬಹುದು. ಬ್ರೆಕ್ಸಿಟ್ ನಂತರ ಬ್ರಿಟನ್ ಎರಾಸ್ಮಸ್ ಪ್ಲಸ್ ಎಂಬ ಯುರೋಪಿನ ಶಿಕ್ಷಣ ವಿನಿಮಯ ಯೋಜನೆಯಿಂದ ಹೊರನಡೆದಾಗ ಅದರ ಭಾಗವಾದ ಇಟ್ವಿನಿಂಗ್ ಕೂಡ ಅಲ್ಲಿಯ ಶಾಲೆಗಳ ಕೈತಪ್ಪಿತು. ವರ್ಷಗಟ್ಟಲೆ ಗೆಳೆತನ ಬೆಳೆಸಿದ ಶಿಕ್ಷಕರನ್ನು ಯಾರೂ ಕೇಳಲಿಲ್ಲ.

ಯುನೆಸ್ಕೋದ ಸಹಭಾಗಿ ಶಾಲೆಗಳ ಜಾಲ ಇನ್ನೂ ಹಳೆಯದು, 1953ರದ್ದು. 15 ದೇಶಗಳ 33 ಶಾಲೆಗಳಿಂದ ಶುರುವಾಗಿ ಈಗ ಸಾವಿರಾರು ಶಾಲೆಗಳಿಗೆ ಬೆಳೆದಿದೆ. ಅಲ್ಲಿಯ ರಾಷ್ಟ್ರೀಯ ಸಂಯೋಜಕರನ್ನು ನೇಮಿಸುವುದು ಆಯಾ ದೇಶದ ಯುನೆಸ್ಕೋ ರಾಷ್ಟ್ರೀಯ ಆಯೋಗ. ಅಮೆರಿಕ 1984ರಲ್ಲಿ ಯುನೆಸ್ಕೋ ಬಿಟ್ಟಿತು, 2003ರಲ್ಲಿ ಮರಳಿತು, 2018ರಲ್ಲಿ ಮತ್ತೆ ಬಿಟ್ಟಿತು, 2023ರಲ್ಲಿ ಮತ್ತೆ ಬಂತು. ಅತ್ತೆಮನೆ ತವರುಮನೆ ಓಡಾಟದ ಹಾಗೆ. ಹೀಗಾಗಿ ಶಿಕ್ಷಕರೇ ಕಟ್ಟಿಕೊಂಡ, ಹಣಕ್ಕೆ ತಿಣುಕಾಡುವ ಜಾಲವೇ ನನಗೆ ಇಷ್ಟ.

ತುಂಗಾತೀರದ ಮೇಷ್ಟ್ರು

ಮಲ್ಲಿಗೆ ಮೇಡಂ ಹೇಳಿದ್ದು ಸರಿ, ತರಗತಿಗೊಂದು ಮತ ಎಂಬ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ನನ್ನ ಪ್ರಶ್ನೆ ಉಳಿದೇ ಇದೆ. ದೇಶದ ಮತ ಹಾಕುವವರು ದೇಶದ ಶಾಲೆಗಳನ್ನು ಕೇಳಬೇಕೆಂಬ ಕಟ್ಟುಪಾಡು ಎಲ್ಲಿದೆ? ಇನ್ನೊಂದು, ಖಾತೆ ಒಂದಿರಬೇಕೋ 38 ಇರಬೇಕೋ ಎಂಬುದು ಮಹಾಸಭೆ ಕೂತು ತೀರ್ಮಾನಿಸುವ ವಿಷಯವೇ? ಮದುವೆ ಮನೆಯಲ್ಲಿ ಸಾರಿಗೆ ಉಪ್ಪೆಷ್ಟು ಎಂದು ಬೀಗರ ಸಭೆ ಕರೆದ ಹಾಗಾಯಿತು.

ಮೆಲ್ಬರ್ನ್ ಮಲ್ಲಿಗೆ

ಕ್ಷಮಿಸಿ, ಇದು ಉಪ್ಪಿನ ವಿಷಯವಲ್ಲ. ಒಂದೇ ಖಾತೆಯಿಂದ 38 ಮಂದಿ ಬರೆದರೆ ಯಾವ ಮಾತು ಯಾರದ್ದೆಂದು ತಿಳಿಯುವುದು ಹೇಗೆ? ನನ್ನ ವಿದ್ಯಾರ್ಥಿನಿ ಹದಿನಾಲ್ಕರ ಹುಡುಗಿಗೆ ಉತ್ತರ ಬರೆಯುತ್ತಿದ್ದಾಳೋ, ಆ ಖಾತೆಯ ಗುಪ್ತಪದ ಸಿಕ್ಕ ಯಾವನೋ ದೊಡ್ಡವನಿಗೋ? ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಮಕ್ಕಳೊಂದಿಗೆ ಕೆಲಸ ಮಾಡುವ ಸ್ವಯಂಸೇವಕರೂ ಪೊಲೀಸ್ ದಾಖಲೆಯ ತಪಾಸಣೆಗೆ ಒಳಪಡಬೇಕು. ಮಕ್ಕಳ ಸುರಕ್ಷತೆಯನ್ನು ಆಯಾ ಊರಿನವರ ವಿವೇಕಕ್ಕೆ ಬಿಡಲಾಗದು. ಜಾಲದ ಕೇಂದ್ರ ಬೇರೆ ಏನನ್ನೂ ತೀರ್ಮಾನಿಸದಿದ್ದರೂ ಇದನ್ನು ತೀರ್ಮಾನಿಸಲೇಬೇಕು.

ತುಂಗಾತೀರದ ಮೇಷ್ಟ್ರು

ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಖಾತೆಯಿಂದ ಹೋದ ಪತ್ರಗಳಲ್ಲಿ ಅರ್ಧದಷ್ಟು ನಾನೇ ಬರೆದದ್ದು. ಮಕ್ಕಳು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಇಂಗ್ಲಿಷ್‌ಗೆ ತಿರುಗಿಸುತ್ತಿದ್ದೆ. ತಿರುಗಿಸುವಾಗ ಸ್ವಲ್ಪ ತಿದ್ದುತ್ತಿದ್ದೆ. ಸ್ವಲ್ಪ ಅಂದರೆ ಕೆಲವೊಮ್ಮೆ ಬಹಳ. ಮೇಡಂ ಹೇಳುವ ದೊಡ್ಡವನು ನಾನೇ.

ಹಳೆಯ ವಿದ್ಯಾರ್ಥಿನಿ

ನಾನು ಬೇರೊಂದು ಶಾಲೆಯಲ್ಲಿದ್ದಾಗ ಇಂಥದೇ ಯೋಜನೆಯಲ್ಲಿ ಇದ್ದೆ, ಈಗ ಎಂಜಿನಿಯರಿಂಗ್ ಓದುತ್ತಿದ್ದೇನೆ. ಮೇಷ್ಟ್ರು ಹೇಳಿದ್ದು ಓದಿ ನಗು ಬಂತು. ನನ್ನ ಹೆಸರಿನಲ್ಲಿ ಹೋದ ಪತ್ರವೊಂದರಲ್ಲಿ ನನಗೆ ಶಾಸ್ತ್ರೀಯ ನೃತ್ಯ ಇಷ್ಟ ಎಂದಿತ್ತು. ನನಗೆ ಇಷ್ಟವಿದ್ದದ್ದು ಕಬಡ್ಡಿ.

ಇಷ್ಟೊತ್ತು ದೇಶ, ತರಗತಿ, ಶಿಕ್ಷಕರು, ದಾನಿಗಳು ಎಲ್ಲರ ಮತದ ಚರ್ಚೆಯಾಯಿತು. ಮಕ್ಕಳ ಮತದ ಮಾತನ್ನೇ ಯಾರೂ ಎತ್ತಲಿಲ್ಲ. ಐಅರ್ನ್‌ನಲ್ಲಿ ಯೋಜನೆ ಪ್ರಸ್ತಾಪಿಸುವವರೆಲ್ಲ ಇದರಿಂದ ಭೂಮಿಯ ಮೇಲಿನ ಬದುಕು ಹೇಗೆ ಸುಧಾರಿಸುತ್ತದೆ ಎಂಬ ಪ್ರಶ್ನೆಗೆ ಉತ್ತರಿಸಬೇಕಂತೆ. ಹದಿನಾಲ್ಕು ವರ್ಷದ ಹುಡುಗಿ ಭೂಮಿಯನ್ನು ಸುಧಾರಿಸಬಲ್ಲಳಾದರೆ ಖಾತೆಯ ನಿಯಮದ ಬಗ್ಗೆಯೂ ಒಂದು ಮಾತು ಹೇಳಬಲ್ಲಳು.

ಖಾಕಿ ಟೋಪಿ

ಮಗಳೇ, ಸ್ಕೌಟಿಂಗ್‌ನಲ್ಲಿ ಅದನ್ನು ಪ್ರಯತ್ನಿಸಿದ್ದಾರೆ. ಜಾಗತಿಕ ಯುವ ವೇದಿಕೆ ನಡೆಸಿ ಆರು ಯುವ ಸಲಹೆಗಾರರನ್ನು ಆರಿಸಿ ಜಾಗತಿಕ ಸಮಿತಿಯಲ್ಲಿ ಕೂರಿಸುತ್ತಿದ್ದರು. ಮಾತನಾಡಬಹುದು, ಮತವಿಲ್ಲ. ಅವರಲ್ಲಿ ಅನೇಕರು ಇಪ್ಪತ್ತು ದಾಟಿದವರು. ನಿಜವಾದ ಮಕ್ಕಳನ್ನು ಕೂರಿಸಿದರೆ ಸಭೆ ಬೇಗ ಮುಗಿಯುತ್ತಿತ್ತೇನೋ.

ಐಂಡ್‌ಹೋವನ್ ಅಮ್ಮ

ಖಾತೆಯ ಪ್ರಶ್ನೆಗೇ ಬರೋಣ. ಮಗು ಎಂದರೆ ಯಾರು ಎಂಬುದರಲ್ಲೇ ಒಮ್ಮತವಿಲ್ಲ. ಅಮೆರಿಕದಲ್ಲಿ ಆನ್‌ಲೈನ್ ಖಾಸಗಿತನದ ಕಾನೂನು 13 ತುಂಬದವರಿಗೆ ಪಾಲಕರ ಒಪ್ಪಿಗೆ ಕೇಳುತ್ತದೆ. ಯುರೋಪಿನ ಕಾನೂನಿನಲ್ಲಿ 16, ದೇಶಗಳು ಬೇಕಾದರೆ 13ರವರೆಗೆ ಇಳಿಸಬಹುದು. ನೆದರ್ಲೆಂಡ್ಸ್ 16ನ್ನೇ ಉಳಿಸಿಕೊಂಡಿದೆ. ಮೇಷ್ಟ್ರ ಜಾಲದವರು ಯಾವ ವಯಸ್ಸನ್ನು ಹಿಡಿದಿದ್ದಾರೆ?

ತುಂಗಾತೀರದ ಮೇಷ್ಟ್ರು

13.

ದಾವಣಗೆರೆ ಲೆಕ್ಕಿಗ

ಅಲ್ಲಿಗೆ ಮುಗಿಯಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ವೈಯಕ್ತಿಕ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು, ಆ ಒಪ್ಪಿಗೆ ಪರಿಶೀಲಿಸುವಂತಿರಬೇಕು. ನಿಯಮಗಳು ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಎಂದರೆ ಮೇಷ್ಟ್ರು 38 ಮಕ್ಕಳ ಹೆಸರು, ಇಮೇಲ್ ಹೊರದೇಶದ ಸರ್ವರ್‌ಗೆ ಹಾಕುವ ಮುನ್ನ 38 ಮನೆಗಳ ಒಪ್ಪಿಗೆಯ ದಾಖಲೆ ಇಟ್ಟುಕೊಳ್ಳಬೇಕಾಗುತ್ತದೆ. ತರಗತಿಗೊಂದು ಖಾತೆ ಇದ್ದಾಗ ಮಕ್ಕಳ ಮಾಹಿತಿ ಹೊರಗೆ ಹೋಗುತ್ತಲೇ ಇರಲಿಲ್ಲ. ಸುರಕ್ಷತೆಯ ಹೆಸರಿನಲ್ಲಿ ಮಾಡಿದ ನಿಯಮ ಇಲ್ಲಿ ಮಕ್ಕಳ ಮಾಹಿತಿಯನ್ನೇ ಹೊರಗೆ ಚೆಲ್ಲುತ್ತದೆ.

ಮೆಲ್ಬರ್ನ್ ಮಲ್ಲಿಗೆ

ಈ ಮಗ್ಗುಲನ್ನು ನಾನು ಯೋಚಿಸಿರಲಿಲ್ಲ. ಹಾಗಾದರೆ ಮಹಾಸಭೆ ಗುರಿಯನ್ನು ಮಾತ್ರ ಹೇಳಬೇಕಿತ್ತು: ಬರೆದವರು ಯಾರೆಂದು ಶಾಲೆಯೊಳಗೆ ಗೊತ್ತಿರಬೇಕು, ಜವಾಬ್ದಾರ ಶಿಕ್ಷಕರೊಬ್ಬರು ಇರಬೇಕು ಎಂದು. ಅದನ್ನು ಖಾತೆಯ ಮೂಲಕ ಸಾಧಿಸುವುದೋ, ಶಾಲೆಯ ದಾಖಲೆ ಪುಸ್ತಕದ ಮೂಲಕವೋ ಎಂಬುದು ಆಯಾ ದೇಶದ ಕೇಂದ್ರಕ್ಕೆ ಬಿಟ್ಟದ್ದು. ಶಿಕ್ಷಕರ ತಪಾಸಣೆಯ ವಿಷಯದಲ್ಲಿ ಮಾತ್ರ ನಾನು ಒಂದಿಂಚೂ ಹಿಂದೆ ಸರಿಯುವುದಿಲ್ಲ.

ಕೇಂದ್ರ ಕೈ ಹಾಕಬಾರದ ಇನ್ನೊಂದು ಸಂಗತಿ ವೇಳಾಪಟ್ಟಿ. ಐಅರ್ನ್‌ನ ಕಲಿಕಾ ವಲಯಗಳು, ಎಂದರೆ ಆರೆಂಟು ತರಗತಿಗಳ ಗುಂಪುಗಳು, ಸೆಪ್ಟೆಂಬರ್‌ನಿಂದ ಜನವರಿ, ಜನವರಿಯಿಂದ ಮೇ ಎಂದು ಎರಡು ಅವಧಿಗಳಲ್ಲಿ ನಡೆಯುತ್ತವೆ. ಉತ್ತರ ಗೋಳದ ಶಾಲೆಗಳಿಗೆ ಇದು ಹೊಂದುತ್ತದೆ. ನಮಗೆ ಡಿಸೆಂಬರ್‌ನಲ್ಲಿ ವರ್ಷವೇ ಮುಗಿಯುತ್ತದೆ.

ಹಳೆಯ ವಿದ್ಯಾರ್ಥಿನಿ

ಕರ್ನಾಟಕಕ್ಕೂ ಹೊಂದುವುದಿಲ್ಲ. ಅಕ್ಟೋಬರ್‌ನಲ್ಲಿ ದಸರಾ ರಜೆ, ಮಾರ್ಚ್‌ನಲ್ಲಿ ಪರೀಕ್ಷೆ, ಏಪ್ರಿಲ್‌ನಿಂದ ಬೇಸಿಗೆ ರಜೆ. ಜನವರಿಯಲ್ಲಿ ಸೇರಿದವರು ಫೆಬ್ರುವರಿಯಲ್ಲಿ ಮಾಯವಾಗುತ್ತಾರೆ, ಅತ್ತಲಿನವರು ಭಾರತದವರು ಉತ್ತರ ಕೊಡುವುದಿಲ್ಲ ಎಂದುಕೊಳ್ಳುತ್ತಾರೆ.

ತುಂಗಾತೀರದ ಮೇಷ್ಟ್ರು

ಮೂರು ದಿನ ಇತ್ತ ಬರಲಾಗಲಿಲ್ಲ. ಜಾಲದ ಭಾರತದ ಪ್ರತಿನಿಧಿಗೆ ಈ ಚರ್ಚೆಯ ಸಾರವನ್ನು ಬರೆದು ಕಳುಹಿಸಿದ್ದೆ, ಇಂದು ಉತ್ತರ ಬಂದಿದೆ. ಅವರೂ ಶಿಕ್ಷಕಿಯೇ, ಸಂಬಳವಿಲ್ಲದ ಹುದ್ದೆ. ಮತ ಹಾಕುವ ಮುನ್ನ ಎಲ್ಲ ಶಾಲೆಗಳಿಗೂ ಕರಡು ನಿಯಮ ಕಳುಹಿಸಿ ಅಭಿಪ್ರಾಯ ಕೇಳಿದ್ದರಂತೆ. ನಮ್ಮ ಶಾಲೆಗೆ ಕಳುಹಿಸಿದ ಪತ್ರವನ್ನೂ ಲಗತ್ತಿಸಿದ್ದಾರೆ. ಅದು ಹೋದದ್ದು ಎರಡು ವರ್ಷದ ಹಿಂದೆ ವರ್ಗವಾಗಿ ಹೋದ ಮುಖ್ಯೋಪಾಧ್ಯಾಯರ ವಿಳಾಸಕ್ಕೆ. ವಿಳಾಸ ಬದಲಿಸಿ ಎಂದು ತಿಳಿಸಬೇಕಾಗಿದ್ದವನು ನಾನು.

ಉತ್ತರ ಬಂದದ್ದು ಎಷ್ಟು ಶಾಲೆಗಳಿಂದ ಎಂದು ಕೇಳಿದೆ. ನಾಲ್ಕು ಎಂದರು.

ಖಾಕಿ ಟೋಪಿ

ಪತ್ರ ಕಳುಹಿಸಿದ್ದು ಯಾವ ತಿಂಗಳು?

ತುಂಗಾತೀರದ ಮೇಷ್ಟ್ರು

ಮಾರ್ಚ್ 20. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತು. ಅದನ್ನೂ ಅವರಿಗೆ ಬರೆದಿದ್ದೇನೆ. ಮುಂದಿನ ಕರಡನ್ನು ಜುಲೈನಲ್ಲಿ ಕಳುಹಿಸುವುದಾಗಿಯೂ, ಕನ್ನಡದಲ್ಲಿ ಉತ್ತರಿಸಿದರೆ ಸ್ವೀಕರಿಸುವುದಾಗಿಯೂ ಹೇಳಿದ್ದಾರೆ, ಅನುವಾದಕ್ಕೆ ಜನ ಸಿಕ್ಕರೆ.

ಹಳೆಯ ವಿದ್ಯಾರ್ಥಿನಿ

ನಾನು ಮಾಡಿಕೊಡುತ್ತೇನೆ ಸರ್. ತಿದ್ದುವುದಿಲ್ಲ.